ಮೊದಲು ಓಡಲಿ, ಬಣ್ಣ ಆಮೇಲೆ

ಹಳೇ ಬೈಕೊಂದನ್ನು ಮನೆಗೆ ತಂದೆ ಅಂತ ಆಫೀಸಿನಲ್ಲಿ ಹೇಳಿ ನೋಡಿ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಸಲಹೆ ಬಂದಿರುತ್ತೆ: "ಪೂರ್ತಿ ಬಿಚ್ಚಿಸಿ ರೀಸ್ಟೋರ್ ಮಾಡ್ಸಿಬಿಡು ಮಗಾ, ಶೋರೂಮ್ ಕಂಡಿಷನ್‌ಗೆ ಬರುತ್ತೆ." ಹೇಳಿದವರು ಒಂದು ಸ್ಪಾರ್ಕ್ ಪ್ಲಗ್ಗನ್ನೂ ಕೈಯಾರೆ ಬಿಚ್ಚಿ ನೋಡಿದವರಾಗಿರೋದಿಲ್ಲ. ಇನ್ನೊಂದು ಗುಂಪಿದೆ. ಅವರದು "ನಿನಗ್ಯಾಕಪ್ಪಾ ಈ ಉಸಾಬರಿ, ಗುಜರಿಗೆ ಹಾಕಿ ಇಎಂಐ ಮೇಲೆ ಹೊಸದು ತಗೋ" ಅನ್ನುವ ಪಕ್ಷ. ಈ ಎರಡು ಪಕ್ಷದವರು ಕ್ಯಾಂಟೀನಿನಲ್ಲಿ ಜಗಳ ಆಡೋದನ್ನೂ ನೋಡಿದ್ದೇನೆ. ನನಗೇನೋ ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ ಅನ್ನಿಸುತ್ತೆ. ಗಾಡಿಯನ್ನು ನೀನು ಮುಟ್ಟಬೇಡ, ದುಡ್ಡು ಮುಟ್ಟಿಸು, ಅಷ್ಟೇ.

ನಾನು ಇಬ್ಬರಿಗೂ ವಿರೋಧಿ. ಹಳೇ ಬೈಕು ಹಿಡಿದುಕೊಂಡಿರುವ ಹೊಸಬರಿಗೆ ನಾನು ಹೇಳೋದು ಇಷ್ಟು: ಬಣ್ಣದ ಅಂಗಡಿಗೆ ಹೋಗಬೇಡಿ. ಪೂರ್ತಿ ಬಿಚ್ಚಬೇಡಿ, ಬಿಚ್ಚಿಸಲೂ ಬೇಡಿ. ಇರುವ ಹಾಗೇ ಇಟ್ಟುಕೊಂಡು, ನಿಮ್ಮ ಕೈಯಿಂದಲೇ ಅದು ಓಡುವ ಹಾಗೆ ಮಾಡಿ. ಒಂದು ವರ್ಷ ಓಡಿಸಿ. ಆಮೇಲೂ ಬಣ್ಣ ಬೇಕು ಅನ್ನಿಸಿದರೆ ಬಳಿಸಿಕೊಳ್ಳಿ, ನಾನು ಅಡ್ಡ ಬರಲ್ಲ.

ನಮ್ಮ ಕಡೆ ಈ ರೀಸ್ಟೋರೇಶನ್ ಹುಚ್ಚು ಜಾಸ್ತಿ ಸುತ್ತಿಕೊಂಡಿರೋದು ಎರಡು ಗಾಡಿಗಳಿಗೆ. ಒಂದು, 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100. ಅದರ ವಿಷಯ ಬಿಡಿ, ಅದರ ಅಭಿಮಾನಿಗಳ ಜೊತೆ ವಾದ ಮಾಡುವಷ್ಟು ಆಯಸ್ಸು ನನಗಿಲ್ಲ. ಇನ್ನೊಂದು ನಮ್ಮ ಮೈಸೂರಿನದೇ ಆದ ಜಾವಾ-ಯೆಜ್ಡಿ. ಅದರ ಬಗ್ಗೆ ಮಾತಾಡೋಣ, ನನ್ನ ಹತ್ತಿರ ಇರೋದೂ ಅದೇ.

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ್ದು. 1929ರಲ್ಲಿ ಯಾನೆಚೆಕ್ ಅನ್ನುವವರು ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ತೆಗೆದುಕೊಂಡು, ಎರಡೂ ಹೆಸರಿನ ಮೊದಲಕ್ಷರಗಳನ್ನು ಅಂಟಿಸಿ ಮಾಡಿದ ಹೆಸರು ಅದು. 1960ರ ದಶಕದ ಶುರುವಿನಲ್ಲಿ ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಅದೇ ಬೈಕನ್ನು ಮಾಡೋಕೆ ಶುರು ಮಾಡಿತು. ಆಗ ರಾಜ್ಯಪಾಲರಾಗಿದ್ದವರು ಜಯಚಾಮರಾಜೇಂದ್ರ ಒಡೆಯರ್. ಈಗ ನಾವು ಆ ಬೈಕಿನ ಬಿಡಿಭಾಗ ಹುಡುಕಿಕೊಂಡು ಅಲೆಯುವ ಬೆಂಗಳೂರಿನ ಜೆ.ಸಿ. ರಸ್ತೆಗೂ ಅವರದೇ ಹೆಸರು, ಇರಲಿ. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಗ ಶೋರೂಮಿನಲ್ಲಿ ಸಿಗುವ ಜಾವಾ ಮತ್ತು ಯೆಜ್ಡಿಗಳು ಬೇರೆ ಕಂಪನಿಯವು, ಬೇರೆ ಎಂಜಿನ್ನು, ತಯಾರಾಗೋದು ಮಧ್ಯಪ್ರದೇಶದಲ್ಲಿ.

ಯೆಜ್ಡಿ ಅನ್ನೋ ಹೆಸರು ಇರಾನಿನ ಯಜ್ದ್ ಊರಿನಿಂದ ಬಂತು ಅಂತಾರೆ. ಚೆಕ್ ಭಾಷೆಯಲ್ಲೂ ಅದಕ್ಕೊಂದು ಅರ್ಥ ಇದೆ: 'ಓಡುತ್ತೆ'.

ಓಡುತ್ತೆ ಅಂತ ಹೆಸರಿಟ್ಟುಕೊಂಡ ಗಾಡಿಯನ್ನು ನಾವು ಏನು ಮಾಡಿದ್ದೇವೆ? ಕೆಫೆಗಳ ಒಳಗೆ, ಕಾಫಿ ಮೆಶಿನ್ನಿನ ಪಕ್ಕ ನಿಲ್ಲಿಸಿದ್ದೇವೆ. ಮದುವೆಗೆ ಮುಂಚಿನ ಫೋಟೋಶೂಟಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದೇವೆ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಆಚರಿಸ್ತಾರೆ. ಅಲ್ಲಿಗೆ ಬುಡಬುಡ ಅನ್ನಿಸುತ್ತಾ, ಹೊಗೆ ಬಿಡುತ್ತಾ ದೂರದ ಊರುಗಳಿಂದ ಓಡಿಸಿಕೊಂಡೇ ಬರುವವರಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ಆದರೆ ಟೆಂಪೋದಲ್ಲಿ ಹಗ್ಗ ಬಿಗಿಸಿಕೊಂಡು ಬಂದು, ಹಲಗೆಯ ಮೇಲೆ ನಾಜೂಕಾಗಿ ಇಳಿದು, ಫೋಟೋ ತೆಗೆಸಿಕೊಂಡು, ಮತ್ತೆ ಟೆಂಪೋ ಹತ್ತುವ ಗಾಡಿಗಳನ್ನೂ ಕಣ್ಣಾರೆ ನೋಡಿದ್ದೇನೆ. ಮೆರೂನ್ ಬಣ್ಣದಲ್ಲಿ ಮುಖ ಕಾಣುತ್ತೆ, ಕ್ರೋಮ್ ಫಳಫಳ ಅನ್ನುತ್ತೆ. ಕಿಕ್ ಹೊಡೆಯೋಕೆ ಮಾಲೀಕರಿಗೇ ಭಯ.

ನನ್ನ ಗಾಡಿ 1977ರ ಯೆಜ್ಡಿ 250. ದೊಡ್ಡಪ್ಪನದು. ಅವರು ಹೈಸ್ಕೂಲ್ ಮೇಷ್ಟ್ರು. ಚನ್ನರಾಯಪಟ್ಟಣದ ಸುತ್ತಮುತ್ತಲ ನಾಲ್ಕು ಊರಿನಲ್ಲಿ ಪಾಠ ಮಾಡಿದ್ದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು, ಎರಡು ಮೂಟೆ ಕಾಯಿ ಹೇರಿಕೊಂಡು ಸಂತೆಗೆ ಹೋಗಿದ್ದು ಎಲ್ಲಾ ಅದರ ಮೇಲೇ. ಮಂಡಿ ನೋವು ಬಂದಮೇಲೆ ಹನ್ನೊಂದು ವರ್ಷ ಕಾಯಿ ಕೊಟ್ಟಿಗೆಯಲ್ಲಿ ನಿಂತಿತ್ತು. "ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳ್ತಾವ್ನೆ, ನಿನಗೆ ಬೇಕಾದ್ರೆ ತಗೊಂಡೋಗು" ಅಂದರು. ತಂದೆ.

ತಂದ ವಾರವೇ ಬೆಂಗಳೂರಿನ ಒಂದು ರೀಸ್ಟೋರೇಶನ್ ಅಂಗಡಿಯವರಿಂದ ಕೊಟೇಶನ್ ತರಿಸಿದೆ. ಮಾಡಿಸುವ ಉದ್ದೇಶ ಇರಲಿಲ್ಲ, ಏನು ಹೇಳ್ತಾರೆ ನೋಡೋಣ ಅಂತ. ಒಂದು ಲಕ್ಷದ ಅರವತ್ತು ಸಾವಿರ. ಮೊತ್ತ ನೋಡಿ ನನಗೆ ಆಶ್ಚರ್ಯ ಆಗಲಿಲ್ಲ, ಪಟ್ಟಿ ನೋಡಿ ಆಯಿತು. ಹನ್ನೊಂದು ಸಾಲು. ಡೆಂಟಿಂಗ್, ಪೇಂಟಿಂಗ್, ಚಾಸಿ ಪೌಡರ್ ಕೋಟಿಂಗ್, ಕ್ರೋಮ್, ಎಂಜಿನ್ ಕೇಸಿಂಗ್ ಬಫಿಂಗ್, ಹೊಸ ಸೀಟು, ಹೊಸ ಬ್ಯಾಡ್ಜು, ಹೊಸ ನಟ್ಟು ಬೋಲ್ಟು ಸೆಟ್ಟು, ಹೀಗೆ. ಎಂಜಿನ್ ಇದ್ದದ್ದು ಹನ್ನೊಂದನೇ ಸಾಲಿನಲ್ಲಿ. ಅದರ ಮುಂದೆ ಬೆಲೆ ಇರಲಿಲ್ಲ, "ಬಿಚ್ಚಿದ ಮೇಲೆ ಹೇಳ್ತೀವಿ" ಅಂತ ಇತ್ತು.

ಮೋಟಾರ್‌ಸೈಕಲ್ಲಿನಲ್ಲಿ ಮೋಟಾರು ಹನ್ನೊಂದನೇ ಐಟಮ್ಮು! ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಾಗಿಲ್ಲ.

ಈ ಪಟ್ಟಿಯಲ್ಲಿರುವ ಒಂದೊಂದು ಹೊಳಪಿನಿಂದಲೂ ಏನು ಕಳೆದುಹೋಗುತ್ತೆ ನೋಡಿ. ಚಾಸಿಯ ಕುತ್ತಿಗೆಯ ಹತ್ತಿರ ನಂಬರ್ ಕೆತ್ತಿರುತ್ತೆ. ಮರಳು ಹೊಡೆದು ಅದರ ಮೇಲೆ ದಪ್ಪಗೆ ಪೌಡರ್ ಕೋಟಿಂಗ್ ಮಾಡಿದರೆ ಆ ಅಂಕಿಗಳು ತುಂಬಿಹೋಗುತ್ತವೆ. ನಾಳೆ ಆರ್‌ಟಿಒದಲ್ಲಿ ಇನ್‌ಸ್ಪೆಕ್ಟರು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಬರೀ ಬೂದು ಬಣ್ಣ ಬರುತ್ತೆ. ಆಮೇಲೆ ನೀವು ಅವರ ಕಾಲು ಹಿಡಿಯಬೇಕು. 'ಹೊಸ ನಟ್ಟು ಬೋಲ್ಟು ಸೆಟ್ಟು' ಅಂದರೆ ಮೈಸೂರು ಕಾರ್ಖಾನೆಯ ಹಳೇ ಬೋಲ್ಟುಗಳು ಡ್ರಮ್ಮಿಗೆ ಬೀಳುತ್ತವೆ, ಅವುಗಳ ಜಾಗಕ್ಕೆ ಎಲ್ಲಿಯವೋ ಮೆತ್ತನೆಯ ಬೋಲ್ಟು ಬರುತ್ತವೆ. ಎರಡನೇ ಸಲ ಬಿಗಿ ಮಾಡುವಾಗಲೇ ಅವುಗಳ ತಲೆ ಸವೆದು ದುಂಡಗಾಗುತ್ತೆ. ಕಾರ್ಖಾನೆ ಮುಚ್ಚಿ ಹತ್ತಿರ ಹತ್ತಿರ ಮೂವತ್ತು ವರ್ಷ. ಮೂಲ ಭಾಗ ಒಂದು ಡ್ರಮ್ಮಿಗೆ ಬಿದ್ದರೆ ಅದು ಮತ್ತೆ ಹುಟ್ಟಲ್ಲ. ಇನ್ನು ಕ್ರೋಮ್. ಚಿಕ್ಕ ಪುಟ್ಟ ಲೇಪನದ ಘಟಕಗಳಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ನಮ್ಮ ಸೈಲೆನ್ಸರಿನಲ್ಲಿ ನಮ್ಮ ಮುಖ ಕಾಣಲಿ ಅಂತ ಇನ್ಯಾರೋ ಆ ತೊಟ್ಟಿಯ ಪಕ್ಕ ನಿಂತು ಉಸಿರಾಡಬೇಕು.

ಹಾಗಾದರೆ ಗಾಡಿಗೆ ನಿಜವಾಗಿ ಬೇಕಾಗಿದ್ದೇನು? ಇದನ್ನು ಸ್ವಲ್ಪ ವಿವರವಾಗಿಯೇ ಹೇಳ್ತೀನಿ, ಯಾಕಂದ್ರೆ "ಅದೆಲ್ಲಾ ತುಂಬಾ ಟೆಕ್ನಿಕಲ್" ಅಂತ ಹೆದರಿಸೋದರ ಮೇಲೇ ಈ ವ್ಯಾಪಾರ ನಿಂತಿದೆ.

ಯೆಜ್ಡಿ ಎರಡು ಸ್ಟ್ರೋಕಿನ ಎಂಜಿನ್. ಸಿಲಿಂಡರು ಒಂದೇ, ಸೈಲೆನ್ಸರು ಎರಡು. ವಾಲ್ವಿಲ್ಲ, ಕ್ಯಾಮ್ ಇಲ್ಲ, ಕಂಪ್ಯೂಟರ್ ಇಲ್ಲ. ಶುರುವಾಗೋಕೆ ಮೂರೇ ಬೇಕು: ಕಿಡಿ, ಪೆಟ್ರೋಲು, ಒಳಗಿನ ಒತ್ತಡ. ವರ್ಷಗಟ್ಟಲೆ ನಿಂತ ಗಾಡಿಗೆ ದಬದಬ ಕಿಕ್ ಹೊಡೆಯಬಾರದು. ಮೊದಲು ಪ್ಲಗ್ ಬಿಚ್ಚಿ, ಆ ತೂತಿನಿಂದ ನಾಲ್ಕು ಹನಿ ಟೂ-ಟಿ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಟ್ಟು, ಕೈಯಿಂದ ನಿಧಾನಕ್ಕೆ ಕಿಕ್ಕರ್ ಒತ್ತಿ ಪಿಸ್ಟನ್ ಓಡಾಡುತ್ತಾ ನೋಡಬೇಕು. ಓಡಾಡಿತಾ? ಮುಕ್ಕಾಲು ಪಾಲು ಆತಂಕ ಮುಗೀತು.

ಆಮೇಲೆ ಕಿಡಿ. ನನ್ನ ಗಾಡಿ 6 ವೋಲ್ಟಿನದು, ಕಿಡಿ ಹುಟ್ಟೋದಕ್ಕೆ ಬ್ಯಾಟರಿ ಬೇಕು. ಬ್ಯಾಟರಿ ಸತ್ತಿದ್ದರೆ ನೀವು ನೂರು ಕಿಕ್ ಹೊಡೆದರೂ ನಿಮ್ಮ ಮಂಡಿ ಸಾಯುತ್ತೆ ಅಷ್ಟೇ. ಹೊಸ ಬ್ಯಾಟರಿ ಹಾಕಿದ ಮೇಲೂ ಕಿಡಿ ಬರಲಿಲ್ಲ. ಬಲಗಡೆ ಕವರ್ ತೆಗೆದು ನೋಡಿದರೆ ಪಾಯಿಂಟುಗಳ ಮೇಲೆ ಬಿಳಿ ಪದರ ಕೂತಿತ್ತು. ಪಾಯಿಂಟು ಅಂದರೆ ಎರಡು ಪುಟ್ಟ ಲೋಹದ ಮೊಗ್ಗು. ಅವು ಬಿಟ್ಟುಕೊಂಡ ಕ್ಷಣದಲ್ಲಿ ಕಾಯಿಲ್ ಪ್ಲಗ್ಗಿಗೆ ಕಿಡಿ ಕಳಿಸುತ್ತೆ. ನಯವಾದ ಎಮರಿ ಕಾಗದದಲ್ಲಿ ಎರಡು ಸಲ ಎಳೆದು, ಬಟ್ಟೆಯಲ್ಲಿ ಒರೆಸಿ, ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಅಂತರ ಇಟ್ಟೆ. ನೀಲಿ ಕಿಡಿ ಬಂತು. ಈ ಫೀಲರ್ ಗೇಜು ಅನ್ನುವ ತಗಡಿನ ಎಲೆಗಳ ಕಟ್ಟು ಒಂದು ಪಿಜ್ಜಾಗಿಂತ ಅಗ್ಗ.

ಮೂರನೇದು ಕಾರ್ಬುರೇಟರ್. ಒಳಗಿದ್ದ ಪೆಟ್ರೋಲು ಎಂದೋ ಆರಿ, ಕಂದು ಬಣ್ಣದ ಜಿಗುಟಾಗಿ, ಹಳೇ ವಾರ್ನಿಷ್ ವಾಸನೆ ಬರುತ್ತಿತ್ತು. ಜೆಟ್ ಅನ್ನೋದು ಹಿತ್ತಾಳೆಯದು, ಅದರ ತೂತು ಸೂಜಿ ಮೊನೆಗಿಂತ ಸಣ್ಣ. ಅದಕ್ಕೆ ಪಿನ್ನು ತುರುಕಿದರೆ ತೂತು ದೊಡ್ಡದಾಗಿ ಶಾಶ್ವತವಾಗಿ ಹಾಳು. ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ತಗೊಂಡು ಬಿಡಿಸಬೇಕು. ಬಿಚ್ಚಿದ ಸ್ಕ್ರೂಗಳನ್ನು ಎಲ್ಲಿಡೋದು ಅಂದರೆ, ಅಡುಗೆಮನೆಯ ಒಗ್ಗರಣೆ ಡಬ್ಬಿಗಿಂತ ಒಳ್ಳೇ ಸಾಧನ ಜಗತ್ತಿನಲ್ಲಿ ಇಲ್ಲ. ಏಳು ಬಟ್ಟಲು, ಬಿಚ್ಚಿದ ಕ್ರಮದಲ್ಲೇ ಸುತ್ತಿಗೆ ಒಂದೊಂದಾಗಿ. ಸಾಸಿವೆ ಇರೋ ಡಬ್ಬಿ ಬಿಟ್ಟು ಬೇರೆಯದು ತಗೊಳ್ಳಿ, ಮನೆಯಲ್ಲಿ ಶಾಂತಿ ಮುಖ್ಯ.

ಆರನೇ ಭಾನುವಾರ ಗಾಡಿ ಸ್ಟಾರ್ಟ್ ಆಯಿತು. ಬಿಳಿ ಹೊಗೆ ಧಾರಾಳ ಬಂತು, ಗೇರ್ ಬಾಕ್ಸಿನ ಆಯಿಲ್ ಕಡಿಮೆ ಆಗುತ್ತಾ ಹೋಯಿತು. ಅಂದರೆ ಎಡಗಡೆಯ ಆಯಿಲ್ ಸೀಲ್ ಹೋಗಿದೆ, ಗೇರ್ ಬಾಕ್ಸಿನ ಎಣ್ಣೆಯನ್ನು ಎಂಜಿನ್ ಕುಡೀತಿದೆ ಅಂತ ಅರ್ಥ. ಬಲಗಡೆಯದು ಹೋಗಿದ್ದರೆ ಲಕ್ಷಣ ಬೇರೆ: ಹೊರಗಿನ ಗಾಳಿ ಒಳಗೆ ಸೇರಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಚೀರುತ್ತಾ ಇರುತ್ತೆ. ಈ ವ್ಯತ್ಯಾಸ ಗೊತ್ತಿರುವ ಮಾಲೀಕನಿಗೆ ಯಾರೂ ಸುಲಭವಾಗಿ ಟೋಪಿ ಹಾಕೋಕಾಗಲ್ಲ. ಸೀಲ್ ಕೆಲಸಕ್ಕೆ ಮೇಸ್ತ್ರಿ ಹತ್ತಿರ ಹೋದೆ, ಅದು ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ. ಬ್ಯಾಟರಿ, ಟೈರು, ಕೇಬಲ್ಲು, ಬ್ರೇಕ್ ಶೂ, ಮೇಸ್ತ್ರಿ ಕೂಲಿ ಎಲ್ಲಾ ಸೇರಿ ಹದಿನಾಲ್ಕು ಸಾವಿರದೊಳಗೆ ಮುಗೀತು. ಟ್ಯಾಂಕಿನ ಮೇಲೆ ದೊಡ್ಡಪ್ಪನ ಮಂಡಿ ಉಜ್ಜಿ ಬಣ್ಣ ಹೋದ ಜಾಗ ಹಾಗೇ ಇದೆ.

ಇನ್ನೊಂದು ಮಾತು. 'ಪ್ರಾಜೆಕ್ಟ್ ಬೈಕ್' ಅನ್ನೋ ಹೆಸರಿನಲ್ಲಿ ಮಾರಾಟಕ್ಕೆ ಬರುವ ಗೋಣಿಚೀಲಗಳನ್ನು ನೋಡಿದ್ದೀರಾ? ಮೂರು ಚೀಲ, ಒಳಗೆ ಒಂದು ಇಡೀ ಗಾಡಿ. ಯಾರೋ ಉತ್ಸಾಹಿ ಒಂದೇ ಶನಿವಾರ ಎಲ್ಲಾ ಬಿಚ್ಚಿ, ಭಾನುವಾರ ತಲೆ ಮೇಲೆ ಕೈಹೊತ್ತು ಕೂತಿದ್ದರ ಫಲ. ಹೊಸಬರಿಗೆ 'ಪೂರ್ತಿ ಬಿಚ್ಚು' ಅಂತ ಸಲಹೆ ಕೊಡುವವರಿಗೆ ಈ ಚೀಲಗಳ ಲೆಕ್ಕ ಒಪ್ಪಿಸಬೇಕು. ಒಂದು ಸಲಕ್ಕೆ ಒಂದು ಭಾಗ ಬಿಚ್ಚಿ, ಸರಿ ಮಾಡಿ, ಮತ್ತೆ ಕೂರಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ಗಾಡಿ ಯಾವಾಗಲೂ ಗಾಡಿಯಾಗಿಯೇ ಇರುತ್ತೆ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯಕ್ಕೆ ಬರ್ತೀನಿ.

ಮೇಸ್ತ್ರಿ ಅಂಗಡಿಯಲ್ಲಿ ನಾನು ತೋಳು ಮಡಿಸಿ ಕೂತಾಗ ಅವರು ಹೇಳಿದ ಮೊದಲ ಮಾತು: "ಸಾರ್, ನೀವ್ಯಾಕೆ ಕೈ ಕೊಳೆ ಮಾಡ್ಕೋತೀರಾ, ಬಿಡಿ, ಹುಡುಗ ಮಾಡ್ತಾನೆ." ಅವರು ಮರ್ಯಾದೆಯಿಂದ ಹೇಳಿದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಆ ಮರ್ಯಾದೆ ಎಲ್ಲಿಂದ ಬಂತು? ಓದಿದವನ ಕೈ ಚೊಕ್ಕಟ ಇರಬೇಕು, ಹುಡುಗನ ಕೈ ಕೊಳೆಯಾದರೆ ಪರವಾಗಿಲ್ಲ ಅನ್ನೋ ಲೆಕ್ಕಾಚಾರದಿಂದ. ನಮ್ಮಲ್ಲಿ ಇದು ಬಹಳ ಹಳೇ ಲೆಕ್ಕ. ಯಾರು ಯಾವ ಕೆಲಸ ಮುಟ್ಟಬೇಕು, ಯಾರು ಮುಟ್ಟಬಾರದು ಅಂತ ಗೆರೆ ಎಳೆದುಕೊಂಡು ಬಂದ ದೇಶ ನಮ್ಮದು. ಜಾತಿಯ ಮಾತೆತ್ತಿದರೆ ನಮ್ಮ ಆಫೀಸಿನವರಿಗೆ ಮುಜುಗರ ಆಗುತ್ತೆ, "ಈಗೆಲ್ಲಿದೆ ಅದೆಲ್ಲಾ" ಅಂತಾರೆ. ಗ್ರೀಸು ಮುಟ್ಟುವ ವಿಷಯ ಬಂದಾಗ ಮಾತ್ರ ಎಲ್ಲರಿಗೂ ತಮ್ಮ ತಮ್ಮ ಜಾಗ ಚೆನ್ನಾಗಿ ನೆನಪಿರುತ್ತೆ.

ಆಯುಧ ಪೂಜೆ ದಿನ ನೋಡಿ. ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀವಿ. ಸ್ಪ್ಯಾನರ್ ಸೆಟ್ಟಿಗೂ ಅರಿಶಿನ ಕುಂಕುಮ ಹಚ್ತೀವಿ. ಮುಂದಿನ ಆಯುಧ ಪೂಜೆಯವರೆಗೆ ಆ ಸೆಟ್ಟಿನ ಡಬ್ಬಿ ತೆರೆಯೋದಿಲ್ಲ. ವರ್ಷಕ್ಕೊಂದು ಸಲ ಆಯುಧದ ಕಾಲಿಗೆ ಬೀಳುವ ನಾವು ಅದನ್ನು ಹಿಡಿದು ದುಡಿಯುವವನನ್ನು ಏಕವಚನದಲ್ಲೇ ಕರೀತೀವಿ.

"ಎಲ್ಲರೂ ತಾವೇ ರಿಪೇರಿ ಮಾಡಿಕೊಂಡರೆ ಮೆಕ್ಯಾನಿಕ್ ಹೊಟ್ಟೆಪಾಡೇನು?" ಅಂತ ಇದ್ದಕ್ಕಿದ್ದಂತೆ ಸಮಾಜವಾದಿಗಳಾಗುವವರೂ ಇದ್ದಾರೆ. ಅವರಿಗೆ ಹೇಳೋದು: ಪಾಯಿಂಟು ಒರೆಸುವ, ಪ್ಲಗ್ ಬದಲಿಸುವ ಕೆಲಸದಿಂದ ಯಾವ ಮೇಸ್ತ್ರಿಯೂ ಮನೆ ಕಟ್ಟಿಲ್ಲ. ಕ್ರ್ಯಾಂಕ್ ಬಿಚ್ಚೋದು, ಬೋರ್ ಮಾಡೋದು, ಸೀಲ್ ಕೂರಿಸೋದು ಅವರ ವಿದ್ಯೆ, ಅದಕ್ಕೆ ಚೌಕಾಸಿ ಮಾಡದೆ ದುಡ್ಡು ಕೊಡಿ. ನಮ್ಮ ಮೇಸ್ತ್ರಿಗೆ ಅರವತ್ತೆಂಟು ವಯಸ್ಸು. ಸೈಲೆನ್ಸರಿನ ಸದ್ದು ಕೇಳಿ ಟೈಮಿಂಗ್ ಎಷ್ಟು ಆಚೀಚೆ ಆಗಿದೆ ಅಂತ ಹೇಳ್ತಾರೆ. ಮಗ ಈ ಕಸುಬಿಗೆ ಬರಲಿಲ್ಲ, ಹುಡುಗರು ಎರಡು ತಿಂಗಳಿಗೆ ಡೆಲಿವರಿ ಕೆಲಸಕ್ಕೆ ಹೋಗ್ತಾರೆ. ಅವರ ಕಿವಿಯಲ್ಲಿರೋದನ್ನು ಯಾವ ಮ್ಯಾನುವಲ್ಲೂ ಬರೆದಿಟ್ಟಿಲ್ಲ. ಫೋನಿನಲ್ಲಿ ಪಿಕಪ್ ಬುಕ್ ಮಾಡಿ ಗಾಡಿ ಕಳಿಸಿದರೆ ಅದು ನಮಗೆ ಸಿಗೋದಿಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಟಾರ್ಚ್ ಹಿಡಿದು, ಚಹಾ ಕುಡಿದು, ಕೇಳಿ ಕೇಳಿ ಕಲಿಯಬೇಕು. ನಾಲ್ಕು ಭಾನುವಾರ ಆದಮೇಲೆ ಅವರು ನನ್ನನ್ನು ಸಾರ್ ಅನ್ನೋದು ನಿಲ್ಲಿಸಿದರು. ಈಗ "ಬಾರಪ್ಪಾ, ಆ ಹನ್ನೊಂದರ ಸ್ಪ್ಯಾನರ್ ಕೊಡು" ಅಂತಾರೆ.

ಟೈಮ್ ಎಲ್ಲಿದೆ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡೋದಿಲ್ಲ. ನಿಮ್ಮ ಫೋನಿನಲ್ಲಿ ಸ್ಕ್ರೀನ್ ಟೈಮ್ ಅಂತ ಒಂದು ಪುಟ ಇರುತ್ತೆ, ಅದನ್ನು ಕೇಳಿ.

ಸುರಕ್ಷತೆ ನಿಜವಾದ ಪ್ರಶ್ನೆ. ಎಂಜಿನ್ ಸ್ಟಾರ್ಟ್ ಆದ ಖುಷಿಗೆ ರಸ್ತೆಗೆ ಇಳಿಯಬೇಡಿ. ಮೊದಲು ಬ್ರೇಕು, ಕೇಬಲ್ಲು, ಟೈರು. ಈಚಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ; 2314 ಅಂತಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು ಅಂತ. ಗುಂಡಿ ಎಷ್ಟೇ ಆಳ ಇದ್ದರೂ ಅಂಥ ಟೈರು ಬಿಸಾಕಿ, ರಬ್ಬರು ಕಲ್ಲಾಗಿರುತ್ತೆ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಶೇಕಡ 20ರವರೆಗೆ ಇದೆ. ಅದು ಹಳೇ ಕಾಲದ ರಬ್ಬರನ್ನು ತಿನ್ನುತ್ತೆ, ಗಾಳಿಯಲ್ಲಿನ ನೀರನ್ನೂ ಹೀರುತ್ತೆ. ಆದ್ದರಿಂದ ಪೆಟ್ರೋಲ್ ಪೈಪು ಹೊಸದು ಹಾಕಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟು ನಿಲ್ಲಿಸಬೇಡಿ. ನಿಲ್ಲಿಸದೆ ಇರೋಕೆ ಇರುವ ಸುಲಭದ ದಾರಿ ಓಡಿಸೋದು. ಶೋಪೀಸ್ ಮಾಡಿದವರ ಟ್ಯಾಂಕುಗಳು ಒಳಗಿನಿಂದ ತುಕ್ಕು ಹಿಡಿಯೋದು ಇದಕ್ಕೇ. ನನ್ನ ಸ್ನೇಹಿತನೊಬ್ಬನ ಗಾಡಿ ಎರಡು ಲಕ್ಷದ ಮೇಲೆ ನುಂಗಿ ಬಂದು ಐದು ತಿಂಗಳು ಬೇಸ್‌ಮೆಂಟಿನಲ್ಲಿ ಬಟ್ಟೆ ಹೊದ್ದು ಮಲಗಿತ್ತು. ಹೊರಗೆ ಕನ್ನಡಿ, ಟ್ಯಾಂಕಿನೊಳಗೆ ಕಾಫಿ ಡಿಕಾಕ್ಷನ್.

ಹೊಗೆ? ಹೌದು, ಎರಡು ಸ್ಟ್ರೋಕಿನ ಗಾಡಿ ಹೊಗೆ ಬಿಡುತ್ತೆ. ಲೀಟರಿಗೆ ಸುಮಾರು 40 ಎಂಎಲ್ ಎಣ್ಣೆ ಸೇರಿಸಿ ಉರಿಸುವ ಎಂಜಿನ್ನು, ಉರಿಯದ ಪೆಟ್ರೋಲನ್ನೂ ಒಂದಷ್ಟು ಹೊರಗೆ ಚೆಲ್ಲುತ್ತೆ. ಅದನ್ನು ಮುಚ್ಚಿಡೋದಿಲ್ಲ. ದಿನಾ ಆಫೀಸಿಗೆ ಅದರಲ್ಲೇ ಹೋಗಿ ಅಂತ ನಾನು ಹೇಳುತ್ತಲೂ ಇಲ್ಲ, ನಾನು ಹೋಗೋದು ಮೆಟ್ರೋದಲ್ಲಿ. ವಾರಕ್ಕೆ ಎರಡು ಸಲ ಸರಿಯಾದ ಅಳತೆಯ ಎಣ್ಣೆ ಹಾಕಿ ಓಡುವ ಗಾಡಿಯ ಬಗ್ಗೆ ನನಗೆ ಪಾಠ ಮಾಡುವವರು, ತಾವು ಮೂರು ವರ್ಷಕ್ಕೊಮ್ಮೆ ಹೊಸ ಕಾರು ಬದಲಿಸೋದನ್ನೂ ಒಂದು ನಿಮಿಷ ಯೋಚಿಸಲಿ.

ಸರ್ಕಾರದ ಲೆಕ್ಕದಲ್ಲೂ ಹಳೇ ಗಾಡಿ ಅಂದರೆ ಒಂದೋ ಗುಜರಿ, ಇಲ್ಲವೇ ಪ್ರದರ್ಶನದ ವಸ್ತು. ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಬೈಕಿಗೆ 300 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲ್‌ನಿಂದ 1,000ಕ್ಕೆ ಏರಿಸಿದರು. ಅದೂ ಹೋಗಲಿ, ಕಟ್ಟೋಣ. 2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ 'ವಿಂಟೇಜ್' ಅಂತ ಪ್ರತ್ಯೇಕ ವರ್ಗ ಮಾಡಿದರು, ಹೊಸ ನೋಂದಣಿಗೆ 20,000 ರೂಪಾಯಿ. ಗೌರವ ಸಿಕ್ಕಿತು ಅಂತ ಸಂಭ್ರಮಿಸಿದವರಿದ್ದಾರೆ. ನಿಯಮ ಪೂರ್ತಿ ಓದಿ: ಆ ವರ್ಗದಲ್ಲಿ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಯಲ್ಲಿ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ ಇಂಥವಕ್ಕೆ ಸರಿ. ಸಂತೆಗೆ ಕಾಯಿ ಹೊತ್ತ ಗಾಡಿಗೆ ಐವತ್ತು ತುಂಬಿದ ಕೂಡಲೇ ಶಾಲು ಹೊದಿಸಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ "ಇನ್ನು ಏಳಬೇಡಿ" ಅನ್ನುವ ಸನ್ಮಾನ ಇದು. ನನ್ನದಕ್ಕೂ ಐವತ್ತು ದೂರ ಇಲ್ಲ. ನಾನು ಆ ವರ್ಗಕ್ಕೆ ಅರ್ಜಿ ಹಾಕೋದಿಲ್ಲ. ಸಾಮಾನ್ಯ ಆರ್‌ಸಿಯಲ್ಲೇ, ಐದೈದು ವರ್ಷಕ್ಕೆ ಸಾಲಿನಲ್ಲಿ ನಿಂತು, ಚಾಸಿ ನಂಬರಿನ ಪೆನ್ಸಿಲ್ ಗುರುತು ಕೊಟ್ಟು ನವೀಕರಿಸ್ತೀನಿ. ಪೇಂಟ್ ಹೊಡೆಸಿಲ್ಲವಾದ್ದರಿಂದ ನಂಬರ್ ಸ್ಪಷ್ಟವಾಗಿ ಬರುತ್ತೆ.

ನಮ್ಮ ಅಪಾರ್ಟ್‌ಮೆಂಟ್ ಸಂಘದವರೂ ಸುಮ್ಮನಿರಲಿಲ್ಲ. ಮೂರನೇ ಭಾನುವಾರಕ್ಕೇ ಲಿಫ್ಟಿನಲ್ಲಿ ನೋಟೀಸು ಅಂಟಿತ್ತು: ಪಾರ್ಕಿಂಗ್ ಜಾಗ ಗ್ಯಾರೇಜ್ ಅಲ್ಲ, ನಿವಾಸಿಗಳ ಘನತೆಗೆ ಧಕ್ಕೆ ಬರುವಂಥ ಚಟುವಟಿಕೆ ನಡೆಸಬಾರದು. ಎಣ್ಣೆ ಚೆಲ್ಲಿದೆ ಅಂದಿದ್ದರೆ ಒಪ್ಪುತ್ತಿದ್ದೆ, ಆದರೆ ನಾನು ಕೆಳಗೆ ಹಳೇ ಫ್ಲೆಕ್ಸ್ ಹಾಸಿಕೊಂಡೇ ಕೂರೋದು. ಘನತೆ ಅಂದರು. ಅದೇ ಬೇಸ್‌ಮೆಂಟಿನಲ್ಲಿ ಪ್ರತಿದಿನ ಬೆಳಗ್ಗೆ ಐದಕ್ಕೆ ಕಾರು ತೊಳೆಯುವ ಹುಡುಗರು ಬಕೆಟ್ ಹಿಡಿದು ಓಡಾಡ್ತಾರೆ, ಅದರಿಂದ ಯಾರ ಘನತೆಗೂ ಏನೂ ಆಗಿಲ್ಲ. ಫ್ಲಾಟಿನ ಮಾಲೀಕನೇ ನೆಲದ ಮೇಲೆ ಕೂತಿದ್ದು ತೊಂದರೆ. ಸಂಘದ ಸಭೆಯಲ್ಲಿ ಇದನ್ನೇ ಹೇಳಿದೆ. ಕಾರ್ಯದರ್ಶಿಗಳು ಮುಂದಿನ ವಿಷಯಕ್ಕೆ ಹೋಗೋಣ ಅಂದರು. ನೋಟೀಸು ಇನ್ನೂ ಅಲ್ಲೇ ಇದೆ, ನಾನೂ ಅಲ್ಲೇ ಇದ್ದೇನೆ.

ಮೂರನೇ ಮಹಡಿಯ ಒಂಬತ್ತು ವರ್ಷದ ಹುಡುಗಿ ಒಬ್ಬಳು ಬಂದು ಕೂರುತ್ತಾಳೆ. ಯೆಜ್ಡಿಯಲ್ಲಿ ಗೇರ್ ಹಾಕುವ ಲಿವರ್ರೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ಇಳಿಸಿದರೆ ಗೇರು. ಅದನ್ನು ಅವಳು ಹತ್ತು ಸಲ ತಿರುಗಿಸಿ ನೋಡಿದಳು. ಈಗ ಪ್ಲಗ್ಗಿನ ಅಂತರ ಫೀಲರ್ ಗೇಜಿನಲ್ಲಿ ಅಳೆದು ಹೇಳ್ತಾಳೆ. ಅವರಪ್ಪ ಮೊದಲೆಲ್ಲಾ ಮೆಟ್ಟಿಲ ಮೇಲಿಂದಲೇ "ಓದ್ಕೋ ಬಾ, ಅಲ್ಲೇನು ಕೆಲಸ" ಅಂತ ಕೂಗುತ್ತಿದ್ದ. ಅವನ ಹತ್ತಿರ ಪೂರ್ತಿ ರೀಸ್ಟೋರ್ ಆದ ಆರ್‌ಎಕ್ಸ್ 100 ಇದೆ, ಕಪ್ಪಗೆ ಮಿರಮಿರ ಮಿಂಚುತ್ತೆ. ನಾಲ್ಕು ತಿಂಗಳಿಂದ ಸ್ಟಾರ್ಟ್ ಆಗಿಲ್ಲ. ಹೋದ ವಾರ ಲಿಫ್ಟಿನಲ್ಲಿ ಸಿಕ್ಕಿ, "ಗುರು, ನಂದೊಂದು ಸ್ವಲ್ಪ ನೋಡಿಕೊಡ್ತೀಯಾ?" ಅಂದ.

ನೋಡಿಕೊಡಲ್ಲ, ಸ್ಪ್ಯಾನರ್ ಕೊಡ್ತೀನಿ, ಕೆಳಗೆ ಬಾ ಅಂದೆ. ಭಾನುವಾರ ಬರ್ತೀನಿ ಅಂದಿದ್ದಾನೆ. ಪ್ಲಗ್ ತಾನೇ ಬಿಚ್ಚುತ್ತೀನಿ ಅಂತ ಮಗಳು ಈಗಲೇ ಹೇಳಿಟ್ಟಿದ್ದಾಳೆ.